ಮೊದಲ ಹಾಡಿಗೂ ಮುಂಚೆ

ಸರಸ್ವತಿಪುರಂನಲ್ಲಿ ನಮ್ಮ ಎದುರು ಮನೆಯ ಮೇಷ್ಟ್ರು, ವಿದೇಶಕ್ಕೆ ಹೋದ ಮಗ ಬಿಟ್ಟುಹೋಗಿದ್ದ ಸಿ.ಡಿ.ಗಳನ್ನು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ತಂದಿಟ್ಟು, "ಇದಕ್ಕೊಂದು ಪಟ್ಟಿ ಮಾಡಿಕೊಡಪ್ಪ" ಎಂದರು. ಹೆಚ್ಚಿನವು ತೊಂಬತ್ತರ ದಶಕದ ಇಂಗ್ಲಿಷ್ ರಾಕ್ ಆಲ್ಬಂಗಳು. ಹೊದಿಕೆ ನೋಡಿ ಹಾಡುಗಳ ಹೆಸರು ಬರೆದರೆ ಎರಡು ವಾರದಲ್ಲಿ ಮುಗಿದೀತು ಎಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು. ಹೊದಿಕೆಯಲ್ಲಿ ಹೆಸರಿಲ್ಲದ ಹಾಡುಗಳೂ ಅವುಗಳಲ್ಲಿದ್ದವು.

ಕೊನೆಯ ಹಾಡಿನ ಬೆನ್ನಿಗೆ ಅಡಗಿದ್ದನ್ನು ಹಿಡಿಯುವುದು ಸುಲಭ. ಹಾಡು ನಾಲ್ಕು ನಿಮಿಷಕ್ಕೇ ಮುಗಿದರೂ ಪ್ಲೇಯರ್ ಇಪ್ಪತ್ತು ನಿಮಿಷ ತೋರಿಸುತ್ತದೆ. ನಿರ್ವಾಣ ತಂಡದ 1991ರ 'ನೆವರ್‌ಮೈಂಡ್' ಇಂಥದ್ದೇ. ಸುಮಾರು ಹತ್ತು ನಿಮಿಷ ನಿಶ್ಶಬ್ದ, ಆಮೇಲೆ ಇನ್ನೊಂದು ಹಾಡು. ಆದರೆ ಮೊದಮೊದಲು ಅಚ್ಚಾದ ಪ್ರತಿಗಳಲ್ಲಿ ಆ ಹಾಡು ಬಿಟ್ಟುಹೋಗಿದೆ. ಆದ್ದರಿಂದ ಆಲ್ಬಂ ಹೆಸರಿನ ಜೊತೆಗೆ, ತಟ್ಟೆಯ ನಡುವಿನ ರಂಧ್ರದ ಸುತ್ತ ಸಣ್ಣದಾಗಿ ಕೊರೆದಿರುವ, ಯಾವ ಅಚ್ಚು ಎಂದು ಗುರುತಿಸುವ ಸಂಖ್ಯೆಯನ್ನೂ ಬರೆದುಕೊಳ್ಳತೊಡಗಿದೆ. ಪಟ್ಟಿ ಮಾಡಬೇಕಾದದ್ದು ಕೈಯಲ್ಲಿರುವ ಪ್ರತಿಯನ್ನು.

ನನ್ನನ್ನು ನಿಜಕ್ಕೂ ಸತಾಯಿಸಿದ್ದು ಮೊದಲ ಹಾಡಿಗೂ ಮುಂಚೆ ಅಡಗಿದ್ದವು. ಯಾವ ಹಾಡು ಎಲ್ಲಿ ಶುರುವಾಗುತ್ತದೆ ಎಂಬ ಕೋಷ್ಟಕ ತಟ್ಟೆಯ ಒಳ ಅಂಚಿನಲ್ಲಿರುತ್ತದೆ. ಪ್ಲೇಯರ್ ಅದನ್ನು ಓದಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ಅದಕ್ಕೂ ಮುಂಚಿನದನ್ನು ಮುಟ್ಟುವುದಿಲ್ಲ. ಸಿ.ಡಿ. ಓದಲು ನಾನು ಕಂಪ್ಯೂಟರಿನಲ್ಲಿ ಬಳಸುತ್ತಿದ್ದ ತಂತ್ರಾಂಶವೂ ಆ ಭಾಗವನ್ನು ಸದ್ದಿಲ್ಲದೆ ಕೈಬಿಡುತ್ತಿತ್ತು. ಇದು ಗೊತ್ತಾಗುವಷ್ಟರಲ್ಲಿ ಮೊದಲ ಪೆಟ್ಟಿಗೆಯನ್ನು ಹಿಂತಿರುಗಿಸಿ ಆಗಿತ್ತು. ಮತ್ತೆ ಕೇಳಲು ಹೋದಾಗ ಮೇಷ್ಟ್ರು, "ಇನ್ನೂ ಮುಗಿಯಲಿಲ್ಲವೇನಪ್ಪ?" ಎಂದು ಪೆಟ್ಟಿಗೆಯನ್ನು ಅವರೇ ಹೊತ್ತು ತಂದರು.

ಆಮೇಲೆ ಲಿನಕ್ಸ್ ಕಂಪ್ಯೂಟರಿನಲ್ಲಿ ಸಿಡಿಪ್ಯಾರನೋಯ ಎಂಬ, ಸಿ.ಡಿ. ಓದುವ ಇನ್ನೊಂದು ತಂತ್ರಾಂಶವನ್ನು ಹಾಕಿಕೊಂಡು ಪ್ರತಿ ತಟ್ಟೆಯ ಕೋಷ್ಟಕವನ್ನೂ ನೋಡಿದೆ. ಮೊದಲ ಹಾಡಿನ ಆರಂಭ ಸೊನ್ನೆ ಎಂದಿದ್ದರೆ ಹುಡುಕುವುದೇನೂ ಇಲ್ಲ. 32, 33 ಎಂದು ಬಂದರೆ ಅದು ಅರ್ಧ ಸೆಕೆಂಡೂ ಇಲ್ಲದ ಬರಿಯ ಬಿಡುವು. ಒಂದು ಸಂಜೆ 16,500 ಎಂದು ಬಂತು. ಕೋಷ್ಟಕದ ಈ ಅಂಕಿ ಚೌಕಟ್ಟುಗಳ ಲೆಕ್ಕ; ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸದ್ದು ಚೌಕಟ್ಟು ಎಂಬ 75 ತುಣುಕುಗಳಾಗಿರುತ್ತದೆ. ಭಾಗಿಸಿದರೆ 220 ಸೆಕೆಂಡು, ಅಂದರೆ 3 ನಿಮಿಷ 40 ಸೆಕೆಂಡು. ತಟ್ಟೆಯನ್ನು ಹಳೆಯ ಪ್ಲೇಯರಿಗೆ ಹಾಕಿ, ಮೊದಲ ಹಾಡು ಶುರುವಾದ ಕೂಡಲೇ ಹಿಂದಕ್ಕೆ ಓಡಿಸುವ ಗುಂಡಿಯನ್ನು ಒತ್ತಿ ಹಿಡಿದೆ. ಅಂಕಿಗಳು ಸೊನ್ನೆಗೆ ಇಳಿದವು, ನಿಲ್ಲಲಿಲ್ಲ. ಮುಂದೆ ಋಣ ಚಿಹ್ನೆ ಮೂಡಿಸಿಕೊಂಡು ಏರುತ್ತಲೇ ಹೋದವು. ಬೆರಳು ಬಿಟ್ಟೆ. ಗಿಟಾರ್, ಅದರ ಜೊತೆಗೊಂದು ಒಂಟಿ ಹೆಣ್ಣು ದನಿ. ಎಲ್ಲ ಪ್ಲೇಯರುಗಳಲ್ಲೂ ಹೀಗೆ ಹಿಂದಕ್ಕೆ ಹೋಗಲಾಗುವುದಿಲ್ಲ.

ಇಂಥ ಹಾಡಿಗೆ ನಾನಾಗಿ ಹೆಸರಿಡುವುದಿಲ್ಲ. 'ಹೆಸರಿಲ್ಲ' ಎಂದು ಬರೆದು, ಕಿವಿಗೆ ಬಿದ್ದ ಮೊದಲ ನಾಲ್ಕು ಪದಗಳನ್ನೂ ಆರಂಭದ ನಿಮಿಷ, ಸೆಕೆಂಡು, ಚೌಕಟ್ಟನ್ನೂ ನಮೂದಿಸುತ್ತೇನೆ. ಊಹೆಯ ಹೆಸರು ಒಮ್ಮೆ ಪಟ್ಟಿ ಸೇರಿದರೆ ಮುಂದಿನವರು ಅದನ್ನೇ ನಿಜವೆಂದು ನಂಬುತ್ತಾರೆ.

ಕೆಲವು ತಟ್ಟೆಗಳಲ್ಲಿ ಹಾಡುಗಳ ಆಚೆಗೆ ಕಂಪ್ಯೂಟರಿಗೆಂದೇ ಇಟ್ಟ ವಿಡಿಯೊ ಇರುತ್ತದೆ. ದೀಪದಡಿ ಓರೆ ಹಿಡಿದರೆ ಬೆಳ್ಳಿ ಮೈಮೇಲೆ ಎರಡು ಭಾಗಗಳ ನಡುವಿನ ಬಳೆಯಂಥ ಪಟ್ಟಿ ಕಣ್ಣಿಗೇ ಕಾಣುತ್ತದೆ.

ಈಗ ಪಟ್ಟಿಯಲ್ಲಿ ಒಂದೇ ಸಾಲು ಪೆನ್ಸಿಲಿನಲ್ಲಿದೆ. ಆ ತಟ್ಟೆಯ ಕೋಷ್ಟಕ 9,000 ಎನ್ನುತ್ತದೆ, ಎರಡು ನಿಮಿಷ. ನನ್ನ ಎರಡು ಸಿ.ಡಿ. ಡ್ರೈವ್‌ಗಳೂ ಆ ಭಾಗವನ್ನು ಓದಲು ಒಪ್ಪುತ್ತಿಲ್ಲ. ಪ್ಲೇಯರಿನಲ್ಲಿ ಗೊರಗೊರ ಸದ್ದಷ್ಟೇ. ಮಂಡ್ಯದ ಗೆಳೆಯನ ಬಳಿ ಹಳೆಯ ಡ್ರೈವ್ ಒಂದಿದೆ. ಭಾನುವಾರ ಬೆಳಗಿನ ರೈಲಿಗೆ ತಟ್ಟೆಯನ್ನು ಒಯ್ಯುತ್ತಿದ್ದೇನೆ.