18 ಎಂಬಿ ಫೋಟೋವನ್ನು 48 ಎಂಬಿಗೆ ಏರಿಸಿದ ನನ್ನ ಅನುಭವ

ನನ್ನ ಹಳೇ ಕ್ಯಾಮೆರಾ ಆರು ಮೆಗಾಪಿಕ್ಸೆಲ್‌ನದು. ಅದರಲ್ಲಿ ಬರುವ ಫೋಟೋ 3072 x 2048 ಪಿಕ್ಸೆಲ್. ನಾನು ಫೋಟೋ ಕೊಡಬೇಕು ಅಂದುಕೊಂಡಿದ್ದ ಸ್ಟಾಕ್ ಏಜೆನ್ಸಿ (ಫೋಟೋಗಳನ್ನು ಇಟ್ಟುಕೊಂಡು ಬೇಕಾದವರಿಗೆ ಮಾರುವ ಸಂಸ್ಥೆ) ಆಗ ಕೇಳುತ್ತಿದ್ದದ್ದು 48 ಎಂಬಿ. ನನ್ನ ಜೆಪೆಗ್ (ಕ್ಯಾಮೆರಾ ಒತ್ತಿ ಚಿಕ್ಕದು ಮಾಡಿ ಕೊಡುವ ಫೈಲ್) ಮೂರು ಎಂಬಿ ಕೂಡ ಇರಲಿಲ್ಲ, ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಅವರು ಹೇಳುತ್ತಿರುವುದು ಡಿಸ್ಕ್‌ನಲ್ಲಿ ಫೈಲ್ ಹಿಡಿಯುವ ಜಾಗ ಅಲ್ಲ, ಫೋಟೋಶಾಪ್‌ನಲ್ಲಿ ತೆರೆದಾಗ ತೋರಿಸುವ ಗಾತ್ರ. 8 ಬಿಟ್ ಫೋಟೋದಲ್ಲಿ ಪಿಕ್ಸೆಲ್‌ಗೆ ಮೂರು ಬೈಟ್, ಕೆಂಪು, ಹಸಿರು, ನೀಲಿಗೆ ಒಂದೊಂದು. ಹಾಗೆ ಲೆಕ್ಕ ಹಾಕಿದರೆ ನನ್ನದು 18 ಎಂಬಿ. 48 ಮುಟ್ಟೋಕೆ ಸುಮಾರು 5020 x 3347 ಬೇಕು, ಅಂದರೆ ಉದ್ದಕ್ಕೂ ಅಗಲಕ್ಕೂ 1.63 ಪಟ್ಟು. ಡಿಪಿಐ (ಅಚ್ಚಿನಲ್ಲಿ ಒಂದು ಇಂಚಿಗೆ ಎಷ್ಟು ಚುಕ್ಕೆ) ಅನ್ನೋ ಜಾಗದಲ್ಲಿ ಸುಮ್ನೆ 300 ಅಂತ ಬರೆದರೆ ಒಂದು ಪಿಕ್ಸೆಲ್ಲೂ ಹೆಚ್ಚಾಗುವುದಿಲ್ಲ.

ಮೊದಲ ಸಲ ಕ್ಯಾಮೆರಾದ ಜೆಪೆಗ್ ತೆರೆದು ಹಾಗೇ ಹಿಗ್ಗಿಸಿ ಕಳಿಸಿದೆ. ಎಲ್ಲವೂ ವಾಪಸ್ ಬಂದವು. ಬೇಜಾರಾಯಿತು, ಆದರೆ 100% (ಫೋಟೋದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್) ಇಟ್ಟು ನೋಡಿದಾಗ ತಪ್ಪು ನನ್ನದೇ ಅಂತ ಕಂಡಿತು. ಒಂದು ಫೋಟೋದಲ್ಲಿ ಆಕಾಶದ ಎದುರು ಕರೆಂಟ್ ತಂತಿ ಇತ್ತು. ತಂತಿಯ ಎರಡೂ ಬದಿಗೆ ಬಿಳೀ ಗೆರೆ, ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಅದು ಕ್ಯಾಮೆರಾ ಒಳಗೇ ಮಾಡಿದ ಶಾರ್ಪನಿಂಗ್, ಅಂದರೆ ಅಂಚುಗಳು ಚೂಪಾಗಿ ಕಾಣುವಂತೆ ಮಾಡುವ ಕೆಲಸ. ಚಿಕ್ಕ ಫೋಟೋದಲ್ಲಿ ಕಣ್ಣಿಗೆ ಬೀಳದ ಗೆರೆ, ಹಿಗ್ಗಿಸಿದಾಗ ತಾನೂ ದಪ್ಪಗಾಗಿತ್ತು. ಆಕಾಶದಲ್ಲೋ, ಜೆಪೆಗ್‌ನ ಚಿಕ್ಕ ಚಿಕ್ಕ ಚೌಕಗಳು ಎದ್ದು ಕಾಣುತ್ತಿದ್ದವು.

ಅವತ್ತಿಂದ ರಾ ಫೈಲ್ (ಸೆನ್ಸರ್ ಕಂಡದ್ದನ್ನು ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ಇಲ್ಲದ ಫೋಟೋ ಹಿಗ್ಗಿಸೋದು ಬಿಟ್ಟೆ. ರಾ ತೆರೆಯುವಾಗ ಶಾರ್ಪನಿಂಗ್ ಸೊನ್ನೆ, ಬಣ್ಣದ ನಾಯ್ಸ್ (ಅಲ್ಲಲ್ಲಿ ಬೀಳುವ ಬಣ್ಣದ ಚುಕ್ಕೆ) ಮಾತ್ರ ಸ್ವಲ್ಪ ಕಡಿಮೆ ಮಾಡಿ 16 ಬಿಟ್ ಟಿಫ್ (ಜೆಪೆಗ್‌ನಂತೆ ಗುಣಮಟ್ಟ ಕೆಡದ ಫೈಲ್) ಆಗಿ ತೆಗೆಯುತ್ತೇನೆ. ಸೆನ್ಸರ್ ಧೂಳಿನ ಚುಕ್ಕೆಗಳನ್ನು ಫೋಟೋ ಚಿಕ್ಕದಿರುವಾಗಲೇ ಒರೆಸಿಬಿಡುತ್ತೇನೆ. ಕೊನೆಗೆ ಇಮೇಜ್ ಸೈಜ್‌ನಲ್ಲಿ ಬೈಕ್ಯೂಬಿಕ್ ಸ್ಮೂದರ್ (ಫೋಟೋ ಹಿಗ್ಗಿಸಲು ಫೋಟೋಶಾಪ್‌ನಲ್ಲಿರುವ ಒಂದು ವಿಧಾನ), ಒಂದೇ ಏಟಿಗೆ. ಹತ್ತು ಹತ್ತು ಪರ್ಸೆಂಟ್ ಮೆಟ್ಟಿಲು ಹತ್ತಿಸಿದಂತೆ ದೊಡ್ಡದು ಮಾಡಬೇಕು ಅಂತ ಆಗ ತುಂಬಾ ಜನ ಹೇಳುತ್ತಿದ್ದರು. ಅದನ್ನೂ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ, ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಆಮೇಲೆ 8 ಬಿಟ್‌ಗೆ ಇಳಿಸಿ, ಜೆಪೆಗ್ ಕ್ವಾಲಿಟಿ 12ರಲ್ಲಿ (ಅದೇ ಅತಿ ಹೆಚ್ಚು) ಸೇವ್. ಶಾರ್ಪನಿಂಗ್ ಮಾಡಲ್ಲ. ಫೋಟೋ ಕೊಂಡವರು ಅದನ್ನು ಯಾವ ಅಳತೆಗೆ ಅಚ್ಚು ಹಾಕಿಸ್ತಾರೆ ಅಂತ ನನಗೆ ಗೊತ್ತಿರಲ್ಲ, ಅಲ್ವಾ?

ಎಲ್ಲಾ ಫೋಟೋ ಇದಕ್ಕೆ ಒಗ್ಗಲ್ಲ. ಮೋಡ, ನೀರು, ಹತ್ತಿರದಿಂದ ತೆಗೆದ ಮುಖ ಚೆನ್ನಾಗಿ ಹಿಗ್ಗುತ್ತವೆ. ದೂರದ ಮರದ ಎಲೆಗಳು, ಹುಲ್ಲು ಕಲಸಿಹೋಗುತ್ತವೆ. ಫೋಕಸ್ ಒಂದು ಕೂದಲೆಳೆ ತಪ್ಪಿದ್ದರೂ ನಾನು ಅದನ್ನು ಮುಟ್ಟೋದೇ ಇಲ್ಲ.

ಈಗ ಕೆಲವು ದೊಡ್ಡ ಏಜೆನ್ಸಿಗಳಿಗೆ ಕನಿಷ್ಠ 4 ಮೆಗಾಪಿಕ್ಸೆಲ್ ಸಾಕು, ಹಾಗಾಗಿ ಜಾಸ್ತಿ ಕ್ರಾಪ್ ಮಾಡಿದ ಫೋಟೋಗೆ ಮಾತ್ರ ಈ ಕೆಲಸ ಬೀಳುತ್ತೆ. ಹಿಗ್ಗಿಸಿದ್ದನ್ನು ಬೇಡ ಅನ್ನುವವರೂ ಇದ್ದಾರೆ, ಅವರ ನಿಯಮ ಮೊದಲು ಓದಿ. 2021ರಲ್ಲಿ ರಾ ಫೈಲ್ ತೆರೆಯುವ ಅಡೋಬಿ ಕ್ಯಾಮೆರಾ ರಾ ಸಾಫ್ಟ್‌ವೇರ್‌ನಲ್ಲಿ ಸೂಪರ್ ರೆಸಲ್ಯೂಷನ್ ಅನ್ನೋ ಸೌಲಭ್ಯ ಬಂತು. ಅದು ಉದ್ದ ಅಗಲ ಎರಡನ್ನೂ ದುಪ್ಪಟ್ಟು ಮಾಡುತ್ತದೆ, ಪಿಕ್ಸೆಲ್ ನಾಲ್ಕು ಪಟ್ಟು. ನಾನು ಅದರಲ್ಲಿ ಹಿಗ್ಗಿಸಿ, ಬೇಕಾದ ಅಳತೆಗೆ ವಾಪಸ್ ಇಳಿಸುತ್ತೇನೆ. ಆ ತಂತಿಯ ಫೋಟೋದ ರಾ ಫೈಲ್ ಇನ್ನೂ ಇತ್ತು, ಅದನ್ನೂ ಹೀಗೇ ಮಾಡಿ 100%ನಲ್ಲಿ ಮೂಲೆಯಿಂದ ಮೂಲೆಗೆ ಸರಿಸಿ ನೋಡಿದೆ. ತಂತಿ ಕಪ್ಪಗೆ ನೆಟ್ಟಗಿತ್ತು, ಬಿಳೀ ಗೆರೆ ಇರಲಿಲ್ಲ.