ನುಂಗುವ ಮುಂಚೆ ಮಾಡಬೇಕಾದ ಎರಡು ಕೆಲಸ

ತಿಂದದ್ದು ಜೀರ್ಣವಾಗುವುದರಲ್ಲಿ ನಮ್ಮ ಕೈಯಲ್ಲಿರುವುದು ಎರಡೇ ಕೆಲಸ. ಏನು ತಿನ್ನಬೇಕು ಅನ್ನುವುದು, ಹೇಗೆ ಅಗಿಯಬೇಕು ಅನ್ನುವುದು. ಒಂದು ಸಲ ನುಂಗಿದ ಮೇಲೆ ದೇಹ ನಮ್ಮನ್ನು ಏನೂ ಕೇಳುವುದಿಲ್ಲ. ಹಾಗಾಗಿ ಈ ಎರಡನ್ನಾದರೂ ಗಮನ ಕೊಟ್ಟು ಮಾಡೋಣ.

ಮೊದಲು ಅಗಿಯುವುದು. ಈಗಲೇ ಒಂದು ತುತ್ತು ಬರೀ ಅನ್ನವನ್ನೋ ಒಂದು ತುಂಡು ಬ್ರೆಡ್ಡನ್ನೋ ಬಾಯಿಗೆ ಹಾಕಿಕೊಂಡು, ನುಂಗದೆ ಒಂದೆರಡು ನಿಮಿಷ ಅಗಿದು ನೋಡಿ. ನಿಧಾನಕ್ಕೆ ಸಿಹಿ ಅನ್ನಿಸತೊಡಗುತ್ತದೆ. ಸಕ್ಕರೆ ಹಾಕಿಲ್ಲ, ಮತ್ತೆ ಸಿಹಿ ಎಲ್ಲಿಂದ ಬಂತು? ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿದೆ, ಅದಕ್ಕೇ. ಜೀರ್ಣ ಶುರುವಾಗುವುದೇ ಬಾಯಲ್ಲಿ. ಇಷ್ಟೇ ಸಲ ಅಗಿಯಿರಿ ಅಂತ ಲೆಕ್ಕ ಇಡುವುದು ಬೇಡ, ತುತ್ತು ನುಣ್ಣಗಾದರೆ ಸಾಕು. ಹೊಟ್ಟೆಯೊಳಗೆ ಹಲ್ಲಿಲ್ಲ ಅಲ್ವಾ.

ನಾನು ವರ್ಷಗಟ್ಟಲೆ ಫೋನ್ ನೋಡುತ್ತಾ ಗಬಗಬ ತಿಂದು ಏಳುತ್ತಿದ್ದೆ, ಆಮೇಲೆ ಹೊಟ್ಟೆ ಭಾರ ಅಂತ ಸಂಜೆವರೆಗೂ ಒದ್ದಾಡುತ್ತಿದ್ದೆ. ಸಾಕು ಅನ್ನುವ ಸುದ್ದಿ ಹೊಟ್ಟೆಯಿಂದ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಅಷ್ಟರೊಳಗೆ ಊಟವೇ ಮುಗಿದಿದ್ದರೆ ಜಾಸ್ತಿ ತಿಂದಿರುತ್ತೇವೆ. ಫೋನ್ ಪಕ್ಕಕ್ಕಿಟ್ಟ ಮೇಲೆ ನನಗೆ ಆ ಭಾರ ಬಹುಪಾಲು ಹೋಯಿತು.

ನುಂಗಿದ ತುತ್ತನ್ನು ಅನ್ನನಾಳದ ಸ್ನಾಯುಗಳು ಹಿಂಡುತ್ತಾ ಕೆಲವೇ ಸೆಕೆಂಡಿನಲ್ಲಿ ಜಠರಕ್ಕೆ ಇಳಿಸುತ್ತವೆ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ಪ್ರೋಟೀನ್ ಒಡೆಯುವ ಪೆಪ್ಸಿನ್ ಇದೆ. ಜಠರದ ರಸ ಆಹಾರವನ್ನು ಕರಗಿಸುತ್ತದೆ ಅನ್ನುವುದು ಖಚಿತವಾದ ಬಗೆಯೇ ಒಂದು ಕಥೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಬದುಕಿದ, ಆದರೆ ಗಾಯದ ತೂತು ಮುಚ್ಚಲೇ ಇಲ್ಲ. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಆಹಾರದ ತುಂಡುಗಳನ್ನು ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ಎಷ್ಟು ಕರಗಿದೆ ಅಂತ ನೋಡಿದ. ಜಠರದ ರಸವನ್ನು ಹೊರಗೆ ತೆಗೆದು ಬೆಚ್ಚಗಿಟ್ಟು ಅದರಲ್ಲಿ ಮಾಂಸ ಹಾಕಿದರೆ, ಅಲ್ಲೂ ಕರಗಿತು! ಹೊಟ್ಟೆ ಸುಮ್ನೆ ಅರೆಯುವ ಚೀಲ ಅಲ್ಲ, ರಸವೇ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದು ಗಟ್ಟಿ ಸಾಕ್ಷಿ. ಊಟ ಆದ ಕೂಡಲೇ ಮಲಗಿದರೆ ಈ ಆಮ್ಲವೇ ಮೇಲಕ್ಕೆ ನುಗ್ಗಿ ಎದೆ ಉರಿಸುತ್ತದೆ. ಎರಡು ಮೂರು ಗಂಟೆ ಬಿಟ್ಟು ಮಲಗಿ.

ಮುಂದೆ ಸಣ್ಣ ಕರುಳು, ಸುಮಾರು 6 ಮೀಟರ್ ಉದ್ದ. ಜಿಡ್ಡು ಹತ್ತಿದ ಪಾತ್ರೆಗೆ ಸೋಪು ಬಿದ್ದರೆ ಜಿಡ್ಡು ಚೂರುಚೂರಾಗಿ ನೀರಿನ ಜೊತೆ ಹೋಗುತ್ತದಲ್ಲ, ಪಿತ್ತರಸ ಕೊಬ್ಬಿಗೆ ಮಾಡುವುದೂ ಅದನ್ನೇ. ಜಠರದ ಹಿಂದಿರುವ ಮೇದೋಜೀರಕ (ಪ್ಯಾಂಕ್ರಿಯಾಸ್) ಗ್ರಂಥಿಯ ಕಿಣ್ವಗಳು ಉಳಿದದ್ದನ್ನು ಒಡೆಯುತ್ತವೆ. ಒಳಗೋಡೆಯ ಮೇಲಿನ ಲಕ್ಷಾಂತರ ಸಣ್ಣ ಸಣ್ಣ ಬೆರಳಿನಂಥ ಮಡಿಕೆಗಳು ಸಾರವನ್ನು ಹೀರಿ ದೇಹಕ್ಕೆ ಕೊಡುತ್ತವೆ.

ಇನ್ನು ಎರಡನೇ ಕೆಲಸ, ಆಯ್ಕೆ. ಪಿಷ್ಟ, ಪ್ರೋಟೀನ್ ಒಂದು ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಹಾಗಂತ ಎಣ್ಣೆ ಪೂರ್ತಿ ಬಿಡಬೇಡಿ, ಎ, ಡಿ, ಇ, ಕೆ ವಿಟಮಿನ್‌ಗಳನ್ನು ದೇಹ ಹೀರಿಕೊಳ್ಳಲು ಕೊಬ್ಬು ಬೇಕು. ಕಾಳು, ಸೊಪ್ಪು ತಿನ್ನುವಾಗ ಸ್ವಲ್ಪ ನಿಂಬೆರಸ ಹಿಂಡಿಕೊಳ್ಳಿ, ಅದರ ವಿಟಮಿನ್ ಸಿ ಇಂದ ಕಬ್ಬಿಣದ ಅಂಶ ಚೆನ್ನಾಗಿ ಸಿಗುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದಕ್ಕೆ ತಡೆ.

ನಾರು ನಮಗೆ ಜೀರ್ಣವಾಗುವುದಿಲ್ಲ, ಆದರೂ ಬಿಡಬೇಡಿ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ, ಮಲ ಸಲೀಸಾಗಿ ಹೋಗುವುದೂ ಅದರಿಂದಲೇ. ದಿನಕ್ಕೆ 25 ಗ್ರಾಂನಷ್ಟು ನಾರು ಬೇಕು. ಒಂದೇ ದಿನ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಹಾಗಾಗಿ ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಜೊತೆಗೆ ನೀರನ್ನೂ ಹೆಚ್ಚಿಸಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.