ಹೈಲಮ್: ಬೀಜದಲ್ಲೂ ದೇಹದ ಅಂಗದಲ್ಲೂ ಬರುವ ಪದವನ್ನು ಅರ್ಥಮಾಡಿಕೊಳ್ಳುವ ಬಗೆ

ಸಸ್ಯಶಾಸ್ತ್ರದಲ್ಲಿ ಬೀಜದ ಭಾಗವೊಂದಕ್ಕೆ ಹೆಸರಾಗಿರುವ ಹೈಲಮ್ ಎಂಬ ಪದ ಅಂಗರಚನಾಶಾಸ್ತ್ರದಲ್ಲಿ ಶ್ವಾಸಕೋಶ, ಮೂತ್ರಪಿಂಡ, ಗುಲ್ಮ ಮತ್ತು ದುಗ್ಧಗ್ರಂಥಿಗಳ (ಲಿಂಫ್ ನೋಡ್) ವಿವರಣೆಯಲ್ಲೂ ಬರುತ್ತದೆ. ಎರಡು ವ್ಯಾಖ್ಯೆಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡುವ ಬದಲು ಬೀಜವನ್ನು ಮೊದಲು ಕೈಯಲ್ಲಿ ಹಿಡಿದು ನೋಡುವುದೇ ಸರಿಯಾದ ಆರಂಭ.

ರಾಜ್ಮಾ ಕಾಳನ್ನು ರಾತ್ರಿಯಿಡೀ ನೆನೆಸಿ, ಅದರ ಒಳಬಾಗಿದ ಅಂಚನ್ನು ಗಮನಿಸಿ. ಅಲ್ಲಿ ಕಾಣುವ ಅಂಡಾಕಾರದ ಮಚ್ಚೆಯೇ ಹೈಲಮ್. ಫ್ಯೂನಿಕುಲಸ್ ಎಂಬ ಸಣ್ಣ ತೊಟ್ಟು ಬೀಜವನ್ನು ಕಾಯಿಯ ಒಳಗೋಡೆಗೆ ಅಂಟಿಸಿ ಪೋಷಣೆ ಒದಗಿಸುತ್ತಿದ್ದ ಜಾಗ ಇದು; ಬಲಿತ ಬೀಜ ಕಳಚಿಕೊಂಡಾಗ ಗಾಯದ ಗುರುತಾಗಿ ಉಳಿಯುತ್ತದೆ. ಕಾಳನ್ನು ಮೆಲ್ಲಗೆ ಒತ್ತಿದರೆ ಮಚ್ಚೆಯ ಪಕ್ಕದ ಸೂಕ್ಷ್ಮ ರಂಧ್ರದಿಂದ ನೀರು ಒಸರಬಹುದು. ಆ ರಂಧ್ರ ಮೈಕ್ರೊಪೈಲ್. ಅದನ್ನೇ ಹೈಲಮ್ ಎಂದು ಗುರುತಿಸುವ ತಪ್ಪು ಸಾಮಾನ್ಯ. ಅಲಸಂದೆಯಲ್ಲಿಯೂ ಕಪ್ಪು ಉಂಗುರ ಹೈಲಮ್ ಅಲ್ಲ, ಅದರ ನಡುವಿನ ತಿಳಿಬಣ್ಣದ ಭಾಗ ಮಾತ್ರ ಹೈಲಮ್.

ಇನ್ನು ಪದದ ಮೂಲ. ಲ್ಯಾಟಿನ್‌ನಲ್ಲಿ ಹೈಲಮ್ ಎಂದರೆ ಅತ್ಯಲ್ಪವಾದದ್ದು, ಲೆಕ್ಕಕ್ಕೆ ಬಾರದ ವಸ್ತು. ಅದು ಬೀನ್ಸ್ ಕಾಳಿಗೆ ಅಂಟಿಕೊಂಡಿರುವ ಚೂರು ಎಂಬ ವಿವರಣೆ ಪ್ರಾಚೀನ ರೋಮನ್ ವೈಯಾಕರಣ ಫೆಸ್ಟಸ್‌ನ ಹೆಸರಿನಲ್ಲಿ ಉಳಿದುಬಂದಿದೆ. ಇದಕ್ಕೆ ನಿಷೇಧಾರ್ಥಕ ಸೇರಿ 'ಏನೂ ಇಲ್ಲ' ಎಂಬರ್ಥದ ನಿಹಿಲ್ ಆಯಿತು. ನಮಗೆ ಪರಿಚಿತವಾದ ನಿಹಿಲಿಸಂ ಎಂಬ ಪದ ಹುಟ್ಟಿದ್ದು ಅದರಿಂದಲೇ. ಕಾಳಿನ ಮೇಲಿನ ಕ್ಷುಲ್ಲಕ ಮಚ್ಚೆಯೊಂದು ಶೂನ್ಯತೆಯ ತತ್ತ್ವಕ್ಕೆ ಹೆಸರು ಕೊಟ್ಟಿರುವುದು ಸ್ವಾರಸ್ಯಕರ.

ಈಗ ಮೂತ್ರಪಿಂಡದ ಚಿತ್ರವನ್ನು ಕಾಳಿನ ಪಕ್ಕದಲ್ಲಿಡಿ. ಒಳಬಾಗಿದ ಅಂಚಿನಲ್ಲಿ ಅಪಧಮನಿ ಮತ್ತು ನರಗಳು ಒಳಹೊಕ್ಕು, ಅಭಿಧಮನಿಯೂ ಮೂತ್ರನಾಳವೂ ಹೊರಬರುವ ತಗ್ಗು ಇದೆ. ಅದೇ ಅಂಗದ ಹೈಲಮ್. ಹೊರಗಿನೊಡನೆ ಸಂಬಂಧ ಕಲ್ಪಿಸುವ ಸ್ಥಳ ಎಂಬುದು ಎರಡಕ್ಕೂ ಸಮಾನ. ಆದರೆ ಬಲಿತ ಬೀಜದಲ್ಲಿ ಆ ಸಂಬಂಧ ಕಡಿದುಹೋಗಿದೆ, ಅಂಗದಲ್ಲಿ ಜೀವವಿರುವವರೆಗೂ ನಡೆಯುತ್ತಿರುತ್ತದೆ. ಆದ್ದರಿಂದ ಅಂಗದ ವಿಷಯದಲ್ಲಿ 'ಗಾಯದ ಗುರುತು' ಎಂದು ಬರೆಯಬಾರದು.

ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿ ಹೈಲಸ್ ಎಂಬ ರೂಪ ಕಂಡರೆ ಅದನ್ನು ಹೈಲಮ್ ಎಂದೇ ಓದಿಕೊಳ್ಳಿ. ಎದೆಯ ಎಕ್ಸ್-ರೇ ವರದಿಯಲ್ಲಿ 'ಹೈಲಾರ್ ದುಗ್ಧಗ್ರಂಥಿ' ಎಂದಿದ್ದರೆ ಅದು ಶ್ವಾಸಕೋಶದ ಹೈಲಮ್ ಬಳಿ ಇರುವ ಗ್ರಂಥಿಯೇ ಹೊರತು ಗ್ರಂಥಿಯ ಸ್ವಂತ ಹೈಲಮ್ ಅಲ್ಲ.

ಪಿಷ್ಟದ ಕಣಗಳ ವಿಷಯದಲ್ಲಿ ಮಾತ್ರ 'ಹೊರಗಿನೊಡನೆ ಸಂಬಂಧ ಕಲ್ಪಿಸುವ ಸ್ಥಳ' ಎಂಬ ಸೂತ್ರ ಕೈಕೊಡುತ್ತದೆ. ಪದರಗಳು ಯಾವ ಬಿಂದುವಿನ ಸುತ್ತ ಬೆಳೆಯುತ್ತವೆಯೋ ಅದನ್ನೂ ಸಸ್ಯಶಾಸ್ತ್ರಜ್ಞರು ಹೈಲಮ್ ಎನ್ನುತ್ತಾರೆ; ಆಲೂಗಡ್ಡೆಯ ಪಿಷ್ಟದಲ್ಲಿ ಅದು ನಡುವೆ ಇರದೆ ಒಂದು ತುದಿಗೆ ಸರಿದಿರುತ್ತದೆ. ಅಲ್ಲಿ ಅಂಟಿಕೊಂಡದ್ದೂ ಇಲ್ಲ, ಒಳಹೊಕ್ಕದ್ದೂ ಇಲ್ಲವಾದ್ದರಿಂದ ಆ ಅರ್ಥವನ್ನು ಬೇರೆಯಾಗಿಯೇ ಕಲಿಯಬೇಕು.